ಎಂಟನೆಯ ಮನೆಯ ಸಹಿ

ನನ್ನ ಎಡ ಮೊಣಕಾಲಿನ ಆಪರೇಷನ್ ಆದ ವರ್ಷವೇ ನನ್ನ ಗಂಡನ ಕಣ್ಣಿನ ಡಾಕ್ಟರು, ಇನ್ನು ಮೇಲೆ ನೀವು ಕಾರು ಓಡಿಸಬೇಡಿ ಎಂದು ಹೇಳಿದರು. ಅವರಿಗೆ ಗ್ಲಾಕೋಮಾ. ಎದುರಿಗಿರುವುದು ಕಾಣುತ್ತದೆ, ಪಕ್ಕದಿಂದ ಬರುವುದು ಕಾಣುವುದಿಲ್ಲ. ಚೆನ್ನೈಯ ರಸ್ತೆಗಳಲ್ಲಿ ಬರುವುದೆಲ್ಲ ಪಕ್ಕದಿಂದಲೇ. ನನ್ನ ಕಣ್ಣು ಸರಿಯಾಗಿತ್ತು, ಆದರೆ ಸಿಗ್ನಲ್ಲಿಗೊಮ್ಮೆ ಕ್ಲಚ್ ಒತ್ತುತ್ತ ಅಂಬತ್ತೂರಿನ ಕಾರ್ಖಾನೆಯ ತನಕ ಹೋಗುವುದು ಆ ಕಾಲಿನಿಂದ ಆಗುವ ಮಾತಾಗಿರಲಿಲ್ಲ. “ಕಣ್ಣಿರೋಳಿಗೆ ಕಾಲಿಲ್ಲ, ಕಾಲಿರೋನಿಗೆ ಕಣ್ಣಿಲ್ಲ” ಎಂದು ಅವರೇ ತಮಾಷೆ ಮಾಡಿದರು. ಆಮೇಲೆ ಕಾರಿನ ಕೀಲಿಯನ್ನು ಬೀರುವಿನೊಳಗೆ ಇಟ್ಟು ಬಂದರು.

ನಾವು ಚಾಮರಾಜನಗರದ ಕಡೆಯವರು. ಮದುವೆಯಾದ ವರ್ಷವೇ ಈ ಊರಿಗೆ ಬಂದೆವು. ಅವರು ಬ್ಯಾಂಕಿನಲ್ಲಿದ್ದರು, ಕಣ್ಣಿನ ತೊಂದರೆಯಿಂದ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರು. ನಾನು ಅಂಬತ್ತೂರಿನ ಒಂದು ಪಂಪು ಕಾರ್ಖಾನೆಯಲ್ಲಿ ತಯಾರಾದ ಭಾಗಗಳನ್ನು ಪರೀಕ್ಷಿಸುವ ವಿಭಾಗದಲ್ಲಿದ್ದೇನೆ. ಮನೆ ನುಂಗಂಬಾಕ್ಕಂನ ಒಂದು ಒಳಬೀದಿಯಲ್ಲಿ. ಎಂಟೇ ಮನೆಗಳ ಹಳೆಯ ಕಟ್ಟಡ, ಕೆಳಗೆ ಕಂಬಗಳ ನಡುವೆ ಗಾಡಿ ನಿಲ್ಲಿಸುವ ಜಾಗ. ನಮ್ಮದು ಮೂರನೆಯ ಮಹಡಿ.

ಹಳೆಯ ಕಾರು ಮಾರಿದ ಮೇಲೆ ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳೋಣ ಎಂದವರು ಅವರೇ. ಗೇರಿಲ್ಲ, ಕ್ಲಚ್ಚಿಲ್ಲ, ಬಲಗಾಲೊಂದಿದ್ದರೆ ಸಾಕು. ಷೋರೂಮಿನಲ್ಲಿ ಒಬ್ಬ ಹೆಣ್ಣುಮಗಳು ನಮಗೆ ಎಲ್ಲ ವಿವರಿಸಿದಳು. ಎಲೆಕ್ಟ್ರಿಕ್ ಗಾಡಿಗಳಿಗೆ ಸರ್ಕಾರ ರಸ್ತೆ ತೆರಿಗೆ ಬಿಟ್ಟಿದೆ, ಆ ವಿನಾಯಿತಿ ವರ್ಷದ ಕೊನೆಗೆ ಮುಗಿಯುತ್ತದೆ, ಅಷ್ಟರೊಳಗೆ ರಿಜಿಸ್ಟ್ರೇಷನ್ ಆಗಬೇಕು. ಅದಕ್ಕೂ ಮೊದಲು ಮನೆಯಲ್ಲಿ ಚಾರ್ಜರ್ ಕೂರಿಸಿರಬೇಕು. ಚಾರ್ಜರ್ ಜಾಗದ ಫೋಟೊ, ಅಪಾರ್ಟ್‌ಮೆಂಟಿನವರ ಒಪ್ಪಿಗೆ ಪತ್ರ ಎರಡೂ ಇಲ್ಲದೆ ತಮ್ಮಲ್ಲಿ ಗಾಡಿ ಕೊಡುವುದಿಲ್ಲ ಎಂದಳು. ತೆರಿಗೆ ಸೇರಿದರೆ ಆ ಕಾರು ನಮ್ಮ ಕೈಗೆಟುಕುತ್ತಿರಲಿಲ್ಲ. ಇನ್ನೂ ಎರಡು ತಿಂಗಳಿದೆಯಲ್ಲ, ಬೇಕಾದಷ್ಟಾಯಿತು ಎಂದುಕೊಂಡು ಬುಕ್ ಮಾಡಿ ಬಂದೆವು.

ಚಾರ್ಜರಿನ ಪೆಟ್ಟಿಗೆ ವಾರದೊಳಗೆ ಬಂತು. ಜೊತೆಗೆ ಎಲೆಕ್ಟ್ರಿಷಿಯನ್ನೂ ಬಂದರು. ಐವತ್ತು ದಾಟಿದವರು, ಅಂಬತ್ತೂರಿನವರೇ, ಮಾತು ಕಡಿಮೆ. ಮೆಟ್ಟಿಲಿನ ಕೆಳಗಿರುವ ಮೀಟರ್ ರೂಮಿನಿಂದ ನಮ್ಮ ಗಾಡಿ ನಿಲ್ಲುವ ಕಂಬದವರೆಗೆ ಟೇಪು ಹಿಡಿದು ಅಳೆದರು. ಕೇಬಲ್ಲು ಎಲ್ಲರಿಗೂ ಸೇರಿದ ಗೋಡೆಯ ಮೇಲೆ ಹಾಯಬೇಕಿತ್ತು, ಕೊನೆಯಲ್ಲಿ ಮೊದಲನೆಯ ಮಹಡಿಯ ಅಂಕಲ್ ಅವರ ಸ್ಕೂಟರಿನ ಜಾಗದ ಮೇಲೆ. ಅಸೋಸಿಯೇಷನ್ ಕಾರ್ಯದರ್ಶಿಗಳು ಬಂದರಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಅವರು, “ನನ್ನದೇನೂ ಅಭ್ಯಂತರ ಇಲ್ಲ. ಎಂಟು ಮನೆಯವರ ಸಹಿ ಮಾಡಿಸಿ ತನ್ನಿ, ಪತ್ರ ಕೊಡುತ್ತೇನೆ” ಎಂದರು.

ನಮ್ಮದೂ ಸೇರಿ ಏಳು ಸಹಿ ಒಂದೇ ಸಂಜೆಯಲ್ಲಿ ಆಯಿತು. ಮೊದಲನೆಯ ಮಹಡಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅಲ್ಲಿ ತಕರಾರು ಬರಬಹುದೆಂದಲ್ಲ. ಅಲ್ಲಿ ಹೋದರೆ ಕಾಫಿ ಕುಡಿದು ಹೊತ್ತು ಕಳೆದು ಬರಬಹುದು ಎಂದು.

ಅಂಕಲ್‌ಗೆ ಎಂಬತ್ತರ ಹತ್ತಿರ. ಹಿಂದೆ ಬಹಳ ವರ್ಷ ನಮ್ಮ ಕಟ್ಟಡದ ಕಾರ್ಯದರ್ಶಿ ಅವರೇ ಆಗಿದ್ದರು. ನಾನು ಹೊಸದಾಗಿ ಬಂದಾಗ ತರಕಾರಿಯವನ ಹತ್ತಿರ ಮಾತಾಡಲೂ ಬಾರದೆ ನಿಂತಿರುತ್ತಿದ್ದೆ. ಅವರ ಹೆಂಡತಿ ಬಾಲ್ಕನಿಯಿಂದ ನೋಡಿ ಇಳಿದು ಬಂದು ನನಗೆ ತಮಿಳು ಕಲಿಸಿದರು. ಆಕೆ ತೀರಿಕೊಂಡು ಈಗ ನಾಲ್ಕು ವರ್ಷ. ಅಂಕಲ್ ತಾವೇ ಕಾಫಿ ಬೆರೆಸಿ ಲೋಟದಲ್ಲಿ ತಂದಿಟ್ಟರು. ಕನ್ನಡಕ ಹಾಕಿಕೊಂಡು ನಾನು ಕೊಟ್ಟ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ಮೊದಲಿದ್ದ ಹಾಗೆಯೇ ಮಡಿಸಿ ನನ್ನ ಕಡೆಗೆ ಸರಿಸಿದರು.

“ವೇಂಡಾಂಮ್ಮಾ” ಎಂದರು. ಬೇಡಮ್ಮ.

“ಯಾಕೆ ಅಂಕಲ್?” ನಾವು ಮಾತಾಡುವುದು ಯಾವಾಗಲೂ ತಮಿಳಿನಲ್ಲೇ.

“ಕೆಳಗೆ ಇನ್ನಷ್ಟು ಕರೆಂಟು ಬೇಡ. ಇರೋದೇ ಜಾಸ್ತಿ.”

ಅಷ್ಟೇ ಹೇಳಿ ಕಾಫಿ ಆರುತ್ತಿದೆ ಎಂದರು. ನಾನು ಕುಡಿದು ಮೇಲೆ ಬಂದೆ. ವಯಸ್ಸಾದವರು, ಹೊಸದೆಂದರೆ ಹೆದರಿಕೆ, ಎರಡು ದಿನ ಬಿಟ್ಟು ಮತ್ತೆ ಕೇಳಿದರಾಯಿತು ಎಂದು ಅಂದುಕೊಂಡೆ.

ಎರಡನೆಯ ಸಲ ಕಂಪನಿಯ ಪುಸ್ತಕ ಹಿಡಿದುಕೊಂಡು ಹೋದೆ. ಕಾರ್ಖಾನೆಯಲ್ಲಿ ಹೊಸಬರಿಗೆ ಹೇಳಿಕೊಡುವ ಹಾಗೆ ಎಲ್ಲ ಬಿಡಿಸಿ ಹೇಳಿದೆ. ಎಲ್ಲಾದರೂ ವಿದ್ಯುತ್ ಸೋರಿದರೆ ತಾನೇ ಆಫ್ ಆಗುತ್ತದೆ. ಮಳೆ ನೀರು ಬಿದ್ದರೂ ಏನೂ ಆಗುವುದಿಲ್ಲ.

“ಹಾಗಂತ ಯಾರು ಹೇಳಿದ್ದು?”

“ಕಂಪನಿಯವರು.”

“ಕಂಪನಿಯವರು ಆ ಮಳೆಯ ದಿನ ಇಲ್ಲಿ ಇದ್ದರಾ?”

ಆ ಮಳೆಯ ದಿನ ಎಂದರೆ ಯಾವುದೆಂದು ಈ ಬೀದಿಯಲ್ಲಿ ಯಾರೂ ಕೇಳುವುದಿಲ್ಲ. ಹತ್ತು ವರ್ಷದ ಹಿಂದೆ ಊರಿಗೆ ಊರೇ ಮುಳುಗಿದ ವರ್ಷ ಅದು. ನಮ್ಮ ಕಟ್ಟಡದ ಕೆಳಗೆ ಎದೆಮಟ್ಟ ನೀರು ನಿಂತಿತ್ತು. ನಮ್ಮ ವಾಚ್‌ಮನ್ ಆ ನೀರಿನಲ್ಲಿಯೇ ಸತ್ತಿದ್ದ. ಕಾಲು ಜಾರಿ ಬಿದ್ದ ಎಂದು ನಮಗೆಲ್ಲ ಗೊತ್ತಿತ್ತು.

ಇಷ್ಟರಲ್ಲಿ ಒಂದು ತಿಂಗಳು ಹೋಗಿತ್ತು. ಕಾರ್ಖಾನೆಯ ವ್ಯಾನು ನಿಂತುಹೋಗಿದ್ದರಿಂದ ನಾನು ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ಬಸ್ಸಿನ ಮೆಟ್ಟಿಲು ಹತ್ತುವಾಗ ಹಿಂದಿದ್ದವರು, “ಸೀಕ್ರಂ, ಸೀಕ್ರಂ” ಎಂದು ಅವಸರ ಮಾಡುತ್ತಿದ್ದರು. ಕಾನೂನು ಓದುತ್ತಿದ್ದ ಮಗಳಿಗೆ ನನ್ನ ಓಡಾಟ ನೋಡಿ ಸಿಟ್ಟು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಉತ್ತರ ಕೊಡುವುದು ತಮಿಳಿನಲ್ಲಿ.

“ಅಮ್ಮಾ, ಮೆಜಾರಿಟಿ ಪೋದುಂ. ಒರು ನೋಟಿಸ್ ಅನುಪ್ಪಲಾಂ” ಎಂದಳು. ಬಹುಮತ ಸಾಕು, ಒಂದು ನೋಟಿಸು ಕಳಿಸೋಣ ಎಂದು.

“ಯಾರಿಗೆ ನೋಟಿಸು? ನಿನ್ನನ್ನ ಎತ್ಕೊಂಡು ಆಡಿಸಿದೋರಿಗಾ?” ಎಂದು ಅವಳ ಅಪ್ಪ ಕೇಳಿದರು.

ಅವಳು ತಪ್ಪು ಹೇಳಿರಲಿಲ್ಲ. ಕಾರ್ಯದರ್ಶಿಗಳೂ ಸುತ್ತುಬಳಸಿ ಅದನ್ನೇ ಹೇಳಿದ್ದರು. ಆದರೆ ಆ ಬಾಗಿಲಿಗೆ ನೋಟಿಸು ಅಂಟಿಸುವುದು ನನ್ನಿಂದಾಗುತ್ತಿರಲಿಲ್ಲ. ಅಂಟಿಸದೆ ಬೇರೆ ದಾರಿಯೂ ಕಾಣುತ್ತಿರಲಿಲ್ಲ. ಷೋರೂಮಿನ ಹುಡುಗಿ ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದಳು. “ಮೇಡಂ, ಇನ್ನು ಮೂರು ವಾರ.” “ಮೇಡಂ, ಕೊನೇ ವಾರ ರಿಜಿಸ್ಟ್ರೇಷನ್‌ಗೆ ತುಂಬ ರಷ್ ಇರುತ್ತೆ.” ನಾನು, ಆಗುತ್ತದೆ, ಆಗುತ್ತದೆ ಎನ್ನುತ್ತಿದ್ದೆ.

ಆ ವಾರವೇ ನನ್ನ ಗಂಡ ಬೆಳಿಗ್ಗೆ ಸೊಪ್ಪು ತರಲು ಹೋದವರು ಬೈಕು ತಾಗಿ ಬಿದ್ದರು. ಬಲಗಡೆಯಿಂದ ಬಂದ ಬೈಕು ಅವರಿಗೆ ಕಂಡೇ ಇರಲಿಲ್ಲ. ಮಣಿಕಟ್ಟು ಮುರಿದಿತ್ತು. ನನಗೆ ಕಾರ್ಖಾನೆಗೆ ಫೋನು ಬಂದಾಗ ಆಟೊ ಸಿಗಲಿಲ್ಲ, ಸಿಕ್ಕ ಆಟೊ ದಾರಿಯುದ್ದಕ್ಕೂ ತೆವಳಿತು. ಆಸ್ಪತ್ರೆ ತಲುಪುವಷ್ಟರಲ್ಲಿ ಕೈಗೆ ಪ್ಲಾಸ್ಟರ್ ಹಾಕಿ ಆಗಿತ್ತು, ಯಾರೋ ಅಪರಿಚಿತರು ಅವರನ್ನು ಬೆಂಚಿನ ಮೇಲೆ ಕೂರಿಸಿ ಹೋಗಿದ್ದರು. ಅವರು ತಲೆ ತಗ್ಗಿಸಿ ಕೂತಿದ್ದರು. “ಸೊಪ್ಪು ಅಲ್ಲೇ ಬಿದ್ದೋಯ್ತು ಕಣೆ” ಎಂದರು.

ಅವರನ್ನು ಮನೆಗೆ ಕರೆತಂದು ಮಲಗಿಸಿ, ನಾನು ನೇರ ಮೊದಲನೆಯ ಮಹಡಿಗೆ ಇಳಿದೆ. ಬೆಲ್ಲು ಇದ್ದರೂ ಬಾಗಿಲು ಬಡಿದೆ. ಅಂಕಲ್ ತೆಗೆದರು.

“ನಿಮ್ಮ ಒಂದು ಸಹಿ ಇಲ್ಲದೆ ನಮ್ಮ ಮನೆ ನಿಂತುಹೋಗಿದೆ. ಅವರು ಇವತ್ತು ಕೈ ಮುರಿದುಕೊಂಡರು. ನಾಳೆ ಇನ್ನೇನಾದರೂ ಆದರೆ? ನೀವು ಕಾರಣವನ್ನೂ ಹೇಳುವುದಿಲ್ಲ. ಏಳು ಮನೆಯವರು ಒಪ್ಪಿದ್ದಾರೆ ಅಂಕಲ್, ನಿಮ್ಮನ್ನು ಕೇಳದೆಯೂ ಮಾಡಬಹುದು, ಗೊತ್ತಾ?”

ಅವರ ಜೊತೆ ಅಂಥ ದನಿಯಲ್ಲಿ ನಾನು ಎಂದೂ ಮಾತಾಡಿರಲಿಲ್ಲ. ಅವರು ಕೋಪಿಸಿಕೊಳ್ಳಲಿಲ್ಲ. ನನ್ನ ಗಂಡನ ಕೈ ಹೇಗಿದೆ, ನೋವಿಗೆ ಮಾತ್ರೆ ಕೊಟ್ಟಿದ್ದಾರಾ ಎಂದು ಕೇಳಿದರು. ಆಮೇಲೆ, “ಉಕ್ಕಾರುಮ್ಮಾ” ಎಂದು ಕುರ್ಚಿ ತೋರಿಸಿದರು. ನಾನು ಕೂತೆ.

“ಅವನು ಜಾರಿ ಬೀಳಲಿಲ್ಲ” ಎಂದರು.

ವಾಚ್‌ಮನ್ನನ ಮಾತೆಂದು ನನಗೆ ತಿಳಿಯಿತು.

“ಆವತ್ತು ಮಧ್ಯಾಹ್ನ ನೀರು ಸೊಂಟದ ತನಕ ಬಂದಿತ್ತು. ಬೀದಿಯಲ್ಲಿ ಇನ್ನೂ ಕರೆಂಟಿತ್ತು. ಅವನು ಇಲ್ಲೇ ನನ್ನ ಬಾಗಿಲ ಹತ್ತಿರ ಮೆಟ್ಟಿಲ ಮೇಲೆ ಕೂತಿದ್ದ. ನನ್ನ ಹೆಂಡತಿ ಅವನಿಗೆ ಉಪ್ಪಿಟ್ಟು ಕೊಟ್ಟಿದ್ದಳು. ಆಗ ಮೇಲಿಂದ ಫೋನು ಬಂತು. ಮೆಟ್ಟಿಲಿನ ಕಬ್ಬಿಣದ ಕಂಬಿ ಮುಟ್ಟಿದರೆ ಶಾಕ್ ಹೊಡೆಯುತ್ತಿದೆ, ಮೇನ್ ಆಫ್ ಮಾಡಿಸಿ ಅಂತ. ಮೇನ್ ಇರೋದು ಕೆಳಗೆ. ನಾನು ಅವನಿಗೆ ಹೇಳಿದೆ, ಹೋಗಿ ಆಫ್ ಮಾಡಿ ಬಾ ಅಂತ. ತಟ್ಟೆ ಕೆಳಗಿಟ್ಟು ಇಳಿದ.”

ಅವರು ಗೋಡೆಯ ಕಡೆ ನೋಡುತ್ತಿದ್ದರು.

“ಒಂದು ಗಂಟೆ ಆದಮೇಲೆ ಬೀದಿಯ ಕರೆಂಟೇ ಹೋಯಿತು. ಆಮೇಲೆ ಹುಡುಕಿದೆವು, ಸಿಕ್ಕಿದ್ದು ಮಾರನೇ ದಿನ. ನೀರು ಕುಡಿದು ಸತ್ತ ಅಂತ ಬರೆದರು. ಅವನ ಕೈ ಸುಟ್ಟಿದ್ದು ನಾನು ನೋಡಿದೀನಿ. ಕಳಿಸಿದವನು ನಾನು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

“ಫೋನು ಮಾಡಿದ್ದು ಯಾರು?” ಎಂದು ನಾನು ಕೇಳಿದೆ. ಕೇಳುವಾಗಲೇ ನನಗೆ ಗೊತ್ತಿತ್ತು.

“ನೆನಪಿಲ್ಲ. ಯಾರೋ ಮೇಲಿನವರು.”

ಲಿಫ್ಟಿನ ಮುಂದೆ ಬಂದು ನಿಂತೆ. ಆ ದಿನ ನನ್ನ ಮಗಳಿಗೆ ಏಳು ವರ್ಷ. ನೀರು ನೋಡುತ್ತೇನೆಂದು ಮೆಟ್ಟಿಲಿಗೆ ಓಡಿದವಳು ಕಂಬಿ ಹಿಡಿದು ಕಿರುಚಿಕೊಂಡಿದ್ದಳು. ನಾನು ಅವಳನ್ನು ಎಳೆದುಕೊಂಡು ಒಳಗೆ ಬಂದು ಅಂಕಲ್‌ಗೆ ಫೋನು ಮಾಡಿದ್ದೆ. ಮಾತು ಮುಗಿಯುವ ಮೊದಲೇ ಲೈನು ಕಡಿದುಹೋಗಿತ್ತು. ಅವರಿಗೆ ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಸಂಜೆ ದೋಣಿ ಬಂತು, ನಾವು ಪರಿಚಯದವರ ಮನೆಗೆ ಹೋದೆವು. ವಾಚ್‌ಮನ್ ಹೋದ ಸುದ್ದಿ ನಮಗೆ ತಿಳಿದದ್ದು ನಾಲ್ಕು ದಿನದ ಮೇಲೆ. ಇಷ್ಟು ವರ್ಷ ಆ ಫೋನನ್ನೂ ಆ ಸಾವನ್ನೂ ನಾನು ಜೋಡಿಸಿಯೇ ಇರಲಿಲ್ಲ. ಜೋಡಿಸುವುದು ಬೇಡವೆಂದು ನನ್ನೊಳಗೆ ಯಾವುದೋ ಮೂಲೆ ತೀರ್ಮಾನಿಸಿತ್ತೋ ಏನೋ, ಅದನ್ನು ಈಗಲೂ ಖಚಿತವಾಗಿ ಹೇಳಲಾರೆ.

ಗಂಡನಿಗೆ ಹೇಳಿದೆ. ಅವರು, “ನೀನು ಫೋನ್ ಮಾಡ್ದೆ ಇದ್ದಿದ್ರೆ ಇನ್ಯಾವ ಮಗು ಕಂಬಿ ಹಿಡೀತಿತ್ತೋ” ಎಂದರು. ನಿಜ. ಆ ನಿಜದಿಂದ ನನಗೆ ಏನೂ ಹಗುರಾಗಲಿಲ್ಲ.

ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಹೋಗಿ ಬಾಗಿಲಲ್ಲೇ ನಿಂತು ಹೇಳಿದೆ. “ಅಂಕಲ್, ಆವತ್ತು ಫೋನು ಮಾಡಿದ್ದು ನಾನು.”

“ತೆರಿಯುಂಮ್ಮಾ” ಎಂದರು. ಗೊತ್ತಮ್ಮ.

“ಗೊತ್ತಿದ್ದೂ ಇಷ್ಟು ವರ್ಷ ನನಗೆ ಹೇಳಲಿಲ್ಲವಲ್ಲ.”

“ಹೇಳಿ ಏನು ಮಾಡೋದು? ನೀನು ಫೋನು ಮಾಡಿದ್ದು ತಪ್ಪಲ್ಲ. ಸ್ವಿಚ್ಚು ಎಲ್ಲಿದೆ ಅಂತ ಅವನಿಗೆ ಗೊತ್ತಿದೆ ಅಂತ ಅವನನ್ನ ಕಳಿಸಿದೆ. ಎಲ್ಲಿದೆ ಅಂತ ನನಗೂ ಗೊತ್ತಿತ್ತಲ್ಲ.”

ಚಾರ್ಜರ್ ಬೇಡ ಅಂಕಲ್, ಕಾರೂ ಬೇಡ, ಬುಕಿಂಗ್ ರದ್ದು ಮಾಡುತ್ತೇನೆ ಎಂದೆ. ಮೇಲೆ ಬಂದು ಎಲೆಕ್ಟ್ರಿಷಿಯನ್ನಿಗೆ ಫೋನು ಮಾಡಿ, ಪೆಟ್ಟಿಗೆ ವಾಪಸು ಒಯ್ಯಿರಿ ಎಂದೆ.

ಅವರು ಸಂಜೆ ಬಂದರು. ಯಾಕೆ ಎಂದು ಕೇಳಿದಾಗ ಎಲ್ಲ ಹೇಳಬೇಕಾಯಿತು. ನನ್ನ ಫೋನಿನ ವಿಷಯ ಒಂದನ್ನು ಬಿಟ್ಟು. ಅವರು ಪೆಟ್ಟಿಗೆ ಎತ್ತಿಕೊಳ್ಳಲಿಲ್ಲ. ಕೆಳಗೆ ಹೋಗಿ ಮೀಟರ್ ರೂಮಿನಲ್ಲಿ ಸುಮಾರು ಹೊತ್ತು ಇದ್ದು, ನೇರ ಅಂಕಲ್ ಮನೆಗೆ ಹೋದರು. ನಾನೂ ಹಿಂದೆ ಹೋದೆ. ಅವರು ನೆಲದ ಮೇಲೆ ಕೂತು ಸೀಮೆಸುಣ್ಣದಲ್ಲಿ ಚಿತ್ರ ಬರೆದರು. “ಸಾರ್, ಚಾರ್ಜರಿನ ಮಾತು ಆಮೇಲೆ. ಕೆಳಗಿನ ವೈರಿಂಗು ಈಗಲೂ ಆವತ್ತಿನದೇ ಇದೆ. ಇನ್ನೊಂದು ಮಳೆ ಬಂದರೆ ಮತ್ತೆ ಯಾರಾದರೂ ಇಳಿಯಲೇಬೇಕು. ಮೀಟರುಗಳನ್ನು ಮೇಲೆ ಎತ್ತಿಸಿ, ಮೇನ್ ಸ್ವಿಚ್ಚನ್ನು ಇಲ್ಲಿ ನಿಮ್ಮ ಬಾಗಿಲ ಪಕ್ಕ ತರಬಹುದು. ಇಲ್ಲಿಂದಲೇ ಕೆಳಗಿನದೆಲ್ಲ ಆಫ್ ಮಾಡಬಹುದು.”

“ಯಾರೂ ಇಳಿಯಬೇಕಾಗಿಲ್ಲವಾ?”

“ಯಾರೂ ಇಳಿಯಬೇಕಾಗಿಲ್ಲ ಸಾರ್.”

ಅಂಕಲ್ ಅದನ್ನೇ ಇನ್ನೆರಡು ಸಲ ಕೇಳಿದರು. ಎಲೆಕ್ಟ್ರಿಷಿಯನ್ ಎರಡು ಸಲವೂ ಅದೇ ಸಮಾಧಾನದಿಂದ ಉತ್ತರ ಕೊಟ್ಟರು. ಅಂಕಲ್ ಒಳಗಿನಿಂದ ಪೆನ್ನು ತಂದರು. ಸಹಿ ಗೆರೆ ಬಿಟ್ಟು ಕೆಳಕ್ಕೆ ಇಳಿಯಿತು.

ಆದರೆ ಅದು ಈಗ ಒಂದು ಕೇಬಲ್ಲಿನ ಕೆಲಸವಾಗಿ ಉಳಿದಿರಲಿಲ್ಲ. ಮೀಟರು ಸರಿಸಲು ಅರ್ಜಿ, ಅನುಮತಿ, ಪರಿಶೀಲನೆ, ಎಂಟು ಮನೆಯವರ ಸಭೆ, ಸಭೆಯಲ್ಲಿ ಎಂಟು ಮಾತು. ಯಾರೂ ಬೇಕೆಂದು ತಡ ಮಾಡಲಿಲ್ಲ. ಆಗಬೇಕಾದ ಕೆಲಸಕ್ಕೆ ಬೇಕಾದಷ್ಟು ದಿನ ಬೇಕೇ ಬೇಕು, ನಮ್ಮ ಬಳಿ ಅಷ್ಟು ದಿನ ಇರಲಿಲ್ಲ. ನಾನು ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಫೋನು ಹಿಡಿದು ಕೂರುತ್ತಿದ್ದೆ. ಅರ್ಜಿ ಯಾವ ಮೇಜಿನ ಮೇಲಿದೆ ಎಂದು ಎಲೆಕ್ಟ್ರಿಷಿಯನ್ ಹೇಳುತ್ತಿದ್ದರು. ವರ್ಷದ ಕೊನೆಯ ದಿನ ರಜೆ ಹಾಕಿದೆ, ಓಡಾಡುವುದಿದ್ದರೆ ಇರಲಿ ಎಂದು. ಓಡಾಡುವುದಕ್ಕೆ ಏನೂ ಇರಲಿಲ್ಲ. ಗಂಡನ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು, ಇಬ್ಬರೂ ಟಿವಿ ಮುಂದೆ ಕೂತು ಸಂಜೆ ಮಾಡಿದೆವು. ಗಡುವು ಮುಗಿಯಿತು.

ಕೆಲವು ದಿನಗಳ ಮೇಲೆ ಷೋರೂಮಿನ ಹುಡುಗಿ ಫೋನು ಮಾಡಿದಳು. “ಮೇಡಂ, ಗುಡ್ ನ್ಯೂಸ್. ವಿನಾಯಿತಿ ಮುಂದುವರಿಸಿದ್ದಾರೆ. ಇನ್ನು ಅವಸರವೇ ಇಲ್ಲ.” ಅವಳಿಗೆ ಥ್ಯಾಂಕ್ಸ್ ಹೇಳಿದೆ. ಫೋನಿಟ್ಟ ಮೇಲೆ ಸಂತೋಷ ಬರಲಿ ಎಂದು ಕಾದೆ. ಮುಂದಕ್ಕೆ ಹೋಗಲಿದ್ದ ಒಂದು ತಾರೀಖಿಗೆ ಹೆದರಿ ನಾನು ಆ ಬಾಗಿಲನ್ನು ಬಡಿದಿದ್ದೆ. ಬಡಿಯದಿದ್ದರೆ ಅಂಕಲ್ ಅದನ್ನು ತಮ್ಮೊಬ್ಬರ ಬಳಿಯೇ ಇಟ್ಟುಕೊಂಡು ಹೋಗುತ್ತಿದ್ದರು. ಎರಡರಲ್ಲಿ ಯಾವುದು ಒಳ್ಳೆಯದಿತ್ತು ಎಂದು ನನಗೆ ಗೊತ್ತಾಗಲಿಲ್ಲ.

ಪೊಂಗಲ್ ಕಳೆದು ಒಂದು ತಿಂಗಳಿಗೆ ಮೀಟರುಗಳು ಮೇಲೆ ಬಂದವು. ಚಾರ್ಜರ್ ನನ್ನ ತಲೆಯ ಎತ್ತರದಲ್ಲಿ ಕಂಬಕ್ಕೆ ಕೂತಿತು. ಕಾರು ಬಂತು. ನಾನು ಬಲಗಾಲೊಂದರಿಂದ ಅಂಬತ್ತೂರಿಗೆ ಹೋಗಿ ಬರುತ್ತೇನೆ. ಪಕ್ಕದಲ್ಲಿ ಕೂತಾಗ ನನ್ನ ಗಂಡ ಕಾಣದ ಬದಿಗೂ ಕತ್ತು ತಿರುಗಿಸಿ, “ಬರ್ತಾವ್ನೆ ನೋಡು” ಎನ್ನುತ್ತಾರೆ. ಮೊದಮೊದಲು ನಗುತ್ತಿದ್ದೆ, ಈಗ ಹೂಂ ಎನ್ನುತ್ತೇನೆ.

ಒಂದು ದಿನ ಅಂಕಲ್ ನನ್ನನ್ನು ಕರೆದರು. ವಾಚ್‌ಮನ್ನನ ಹೆಂಡತಿಗೆ ನಡೆದದ್ದನ್ನು ಹೇಳಬೇಕು, ತಾನು ಇರುವಾಗಲೇ ಹೇಳಬೇಕು, ಗಾಡಿ ಇದೆಯಲ್ಲ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದರು. ನಾನೂ ಬರಬೇಕಾದವಳೇ, ಹೋಗೋಣ ಎಂದೆ. ಎಲ್ಲಿಗೆ ಎಂಬುದೇ ಇಬ್ಬರಿಗೂ ಗೊತ್ತಿರಲಿಲ್ಲ. ವಿಳಾಸವಿದ್ದ ಹಳೆಯ ರಿಜಿಸ್ಟರುಗಳು ಆ ನೀರಿನಲ್ಲಿಯೇ ಹೋಗಿದ್ದವು. ಆಕೆ ಆಗ ಒಮ್ಮೆ ಬಂದು, ಅವನ ಬಟ್ಟೆಯ ಗಂಟು ತೆಗೆದುಕೊಂಡು ಹೋದವಳು ಮತ್ತೆ ಬಂದಿರಲಿಲ್ಲ. ನಮ್ಮ ಬೀದಿಯ ಇಸ್ತ್ರಿಯವರನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಪೋಳೂರು ಪಕ್ಕಂ ಅಂತಿದ್ದ” ಎಂದರು. ಪೋಳೂರಿನ ಕಡೆ ಎಂದರೆ ಎಷ್ಟು ಹಳ್ಳಿಗಳೋ. ಹತ್ತೊಂಬತ್ತು ವರ್ಷ ನಮ್ಮ ಗೇಟು ಕಾದವನ ಊರಿನ ಹೆಸರು ಎಂಟು ಮನೆಯಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಆದರೂ ಒಂದು ಭಾನುವಾರ ನಾಲ್ಕು ಗಂಟೆಯ ದಾರಿ ಹೋದೆವು. ಪೋಳೂರಿನ ಬಸ್ ನಿಲ್ದಾಣದ ಹತ್ತಿರ ಕಾರು ನಿಲ್ಲಿಸಿ, ಟೀ ಅಂಗಡಿಗಳಲ್ಲಿ ಕೇಳಿದೆವು. ಮದರಾಸಿನಲ್ಲಿ ವಾಚ್‌ಮನ್ ಆಗಿದ್ದ, ಆ ದೊಡ್ಡ ಮಳೆಯಲ್ಲಿ ಹೋದ, ಸ್ವಲ್ಪ ಕುಳ್ಳು. ಕೇಳಿದವರೆಲ್ಲ ಮರ್ಯಾದೆಯಿಂದ ಯೋಚಿಸಿ ಇಲ್ಲ ಎಂದರು. ಒಬ್ಬರು ಒಂದು ಹಳ್ಳಿ ತೋರಿಸಿದರು. ಅಲ್ಲಿದ್ದದ್ದು ಬೇರೆಯವನ ಹೆಂಡತಿ, ಅವಳ ಗಂಡ ಸತ್ತದ್ದು ಬೇರೆ ಕಡೆ. ಆಕೆ ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ಅಂಕಲ್ ಲೋಟ ಹಿಡಿದುಕೊಂಡು ಅವಳ ಮುಖವನ್ನೇ ನೋಡುತ್ತ ಕೂತಿದ್ದರು. ಹೇಳಿಬಿಡುತ್ತಾರೇನೋ ಎಂದು ನನಗೆ ಭಯವಾಯಿತು. ಅವರು ಮಜ್ಜಿಗೆ ಕುಡಿದು, ಲೋಟ ಕೊಟ್ಟು, ಎದ್ದರು.

ಬರುವಾಗ ದಾರಿಯಲ್ಲಿ, “ಇನ್ನೊಂದು ಸಲ ಬರೋಣಮ್ಮಾ” ಎಂದರು. ಬರೋಣ ಅಂಕಲ್ ಎಂದೆ. ಆಮೇಲೆ ಅವರಿಗೆ ಅಷ್ಟು ದೂರ ಕೂರಲು ಆಗುತ್ತಿಲ್ಲ. ಹೋದ ವಾರವೂ ಇಸ್ತ್ರಿಯವರನ್ನು ಕೇಳಿದೆ. ಅವರು ಅದೇ ಊರಿನ ಹೆಸರನ್ನು ಹೇಳಿದರು.